ಸೋಮವಾರ ತೆರೆಯದ ನಕ್ಷೆ

“ಸೋಮವಾರ ಅದು ತಗೀಲೇ ಇಲ್ರಿ ಅಕ್ಕಾರ,” ಎಂದ ಹೊನ್ನೇಶ.

ಮಿರ್ಚಿ ಭಜಿ ಕಚ್ಚಲು ತೆರೆದಿದ್ದ ಬಾಯಿಯನ್ನು ನಾನು ಹಾಗೇ ಮುಚ್ಚಿದೆ. ಮೂರು ದಿನದಿಂದ ಬೆಟಗೇರಿಯ ಈ ನೇಕಾರರ ಸಂಘದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೂಡಿಸಿಕೊಂಡು ಮಾತಾಡಿಸಿದ್ದೆ. ನಕ್ಷೆಯ ಫೈಲು ಎಲ್ಲರ ಕಣ್ಣಿಗೂ ಬಿದ್ದಿತ್ತು ಎಂದೇ ಎಲ್ಲರೂ ಹೇಳಿದ್ದರು. ಕಣ್ಣಿಗೆ ಬಿದ್ದದ್ದನ್ನು ತೆರೆದು ನೋಡಿದಿರಾ ಎಂದು ನಾನು ಒಬ್ಬರನ್ನೂ ಕೇಳಿರಲಿಲ್ಲ. ಗದಗಿನ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮೂವತ್ತು ವರ್ಷ ಬೆಂಚು ಸವೆಸಿ ನಿವೃತ್ತಳಾದ ನನಗೆ, ಹರ್ತಿಯ ನೀಲಗಂಗವ್ವನಿಗೆ, ಇದೇನೂ ಶೋಭೆ ತರುವ ಸಂಗತಿಯಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಹೊನ್ನೇಶ ಶಿರಹಟ್ಟಿಯ ಹನ್ನೆರಡು ಮಗ್ಗಗಳ ಮೇಲ್ವಿಚಾರಕ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವ. ಉಳಿದ ಹೊತ್ತೆಲ್ಲ ಬಸ್ಸಿನ ಹೊತ್ತು ನೋಡುತ್ತಿರುತ್ತಾನೆ.

“ತಗೀಲಿಲ್ಲ ಅಂದ್ರ ಏನು? ಫೈಲ ಇರಲಿಲ್ಲೋ, ಇದ್ದೂ ತಗೀಲಿಲ್ಲೋ?”

“ಇತ್ರಿ. ಹೆಸರ ಕಾಣತಿತ್ತು. ಒತ್ತಿದ್ರ ನಿಮಗ ಅನುಮತಿ ಇಲ್ಲ ಅಂತ ಬಂತು. ನಾಕ ಸಲ ಒತ್ತಿದೆ.”

“ಸೋಮವಾರಾನ ಅಂತ ಹೆಂಗ ಹೇಳ್ತಿ?”

“ಅವತ್ತ ಹೋದ ತಿಂಗಳ ಅಮಾಸಿ ಇತ್ತಲ್ರಿ. ಮಗ್ಗ ಬಿಟ್ಟಿದ್ವಿ. ಅದಕ್ಕ ಇಲ್ಲಿಗೆ ಬಂದಿದ್ದೆ.”

ಅಮಾವಾಸ್ಯೆಗೆ ಮಗ್ಗ ಮುಟ್ಟದ ನೇಕಾರನ ಬಾಯಲ್ಲಿ ಆ ದಿನ ತಪ್ಪುವುದಿಲ್ಲ. ನಾನು ಮಿರ್ಚಿಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟೆ.

ಇಷ್ಟು ಮಾತ್ರ ನೆನಪಿಟ್ಟುಕೊಳ್ಳಿ: ಸಂಘಕ್ಕೆ ನಕ್ಷೆ ಬರೆಯುವ ಮೆಹನಾಜ ಎಂಟು ತಿಂಗಳು ಕೂತು ಬಿಡಿಸಿದ, ಕಪ್ಪತ ಎಂದು ಹೆಸರಿಟ್ಟ ಸೀರೆ ಅಂಚಿನ ನಕ್ಷೆ, ಇನ್ನೂ ನೋಂದಣಿಯಾಗುವ ಮೊದಲೇ, ಮುಂಡರಗಿಯ ಅಂಗಡಿಯೊಂದರಲ್ಲಿ ಯಾರದೋ ಯಂತ್ರದ ಸೀರೆಯ ಮೇಲೆ ನೇತಾಡುತ್ತಿತ್ತು. ನಕ್ಷೆಯನ್ನು ಬೀಗದೊಳಗಿಂದ ತೆಗೆದು ಎಲ್ಲರ ಕೈಗೆ ಸಿಗುವ ಜಾಗದಲ್ಲಿ ಇಟ್ಟವಳು ಮೆಹನಾಜಳೇ ಎಂಬುದು ಆರೋಪ. ಈವತ್ತು ಸಂಜೆ ಐದಕ್ಕೆ ಸರ್ವಸದಸ್ಯರ ಸಭೆ. ಅಲ್ಲಿ ಕೈ ಎತ್ತಿದರೆ ಅವಳ ಹೆಸರಿನ ಮೇಲೆ ಕೆಂಪು ಗೆರೆ. ಆಮೇಲೆ ಗದಗ-ಬೆಟಗೇರಿಯ ಯಾವ ಸಂಘವೂ ಅವಳ ಮುಂದೆ ನಕ್ಷೆ ಕಾಗದ ಹಾಸುವುದಿಲ್ಲ. ಬೇರೆ ಕೆಲಸ ಅವಳಿಗೆ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ.

ಗೋಡೆ ಗಡಿಯಾರದಲ್ಲಿ ಒಂದೂವರೆ ಆಗಿತ್ತು.

“ಮತ್ತ ಯಾವಾಗರ ತಗೀತೇನು?” ಎಂದೆ.

“ಬುಧವಾರ ಬಂದಿದ್ದೆ. ಅವತ್ತ ತಾನ ತಗೀತು. ನೂಲಿನ ಬಣ್ಣ ಬರಕೊಂಡ ಹೋದೆ.”

“ಅದ ಜಾಗದಾಗ?”

“ಇಲ್ರಿ, ಅಲ್ಲಿ ಇರಲಿಲ್ಲ. ಇನ್ನೊಂದ ಡಿಸ್ಕಿನ್ಯಾಗ ನಮ್ಮ ಶಿರಹಟ್ಟಿ ಹೆಸರಿನ ಫೋಲ್ಡರ್ ಐತಲ್ರಿ, ಅದರಾಗಿತ್ತು.”

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದ. ಸೋಮವಾರ ಫೈಲು ತೆರೆಯದಿದ್ದಾಗ ಯಾರಿಗಾದರೂ ಹೇಳಿದ್ದೆಯಾ ಎಂದು ಕೇಳಿದೆ. ಯಾರಿಗೆ ಅಂತ ಹೇಳಲಿ, ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಬೈದು ಹೋಗಿದ್ದೆ, ಇದ್ದವರೆಲ್ಲ ಕೇಳಿಸಿಕೊಂಡಿರುತ್ತಾರೆ ಎಂದ. ಯಾರಿದ್ದರು ಎಂಬ ಪ್ರಶ್ನೆಗೆ ಯಾವಾಗಲೂ ಇರುವವರೇ ಇದ್ದರು ಎಂದು ಹೇಳಿ ಶಿರಹಟ್ಟಿ ಬಸ್ಸು ಹಿಡಿಯಲು ಎದ್ದ. ಅವನ ಅಂಗಿ ಹಿಡಿದು ಕೂಡಿಸುವಷ್ಟು ಸಲಿಗೆ ನಮ್ಮ ನಡುವೆ ಇರಲಿಲ್ಲ.

ನಾನು ನೇರ ಅಧ್ಯಕ್ಷ ನಿಜಲಿಂಗಪ್ಪನವರ ಹತ್ತಿರ ಹೋಗಿ ನಕ್ಷೆ ಕೋಣೆಯ ಬೀಗ ತೆಗೆಸಿ ಎಂದೆ. ಮುಂಡರಗಿಯ ಸುದ್ದಿ ಬಂದ ದಿನವೇ ಕಾರ್ಯದರ್ಶಿ ನಂದೀಶ, ಸಾಕ್ಷ್ಯ ಕೆಡಬಾರದೆಂದು ಆ ಕೋಣೆಗೆ ಬೀಗ ಜಡಿದು ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದ. ಮೂರು ದಿನದಿಂದ ನಾನು ಬೇಡುತ್ತಿದ್ದೆ, ಅವನು ಸಭೆ ಮುಗಿಯಲಿ ಎನ್ನುತ್ತಿದ್ದ.

ನಿಜಲಿಂಗಪ್ಪನವರಿಗೆ ಎಂಬತ್ತೊಂದು. ದಿನವಿಡೀ ಪಡಸಾಲೆಯ ಬಾಗಿಲ ಬದಿಯ ಕುರ್ಚಿ ಅವರದು. ಹರ್ತಿಗೆ ಬಂದು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಆ ಹುಡುಗಿಯನ್ನು ಹೇಗಾದರೂ ಮಾಡಿ ಉಳಿಸು ತಂಗಿ ಎಂದು ನನ್ನನ್ನು ಈ ಕೆಲಸಕ್ಕೆ ಕರೆತಂದವರೂ ಅವರೇ. ನನ್ನ ಮಾತು ಕೇಳಿ, ನಂದೀಶನನ್ನು ಕರೆದು ಕೀಲಿ ಕೊಡೆಂದರು. ಅವನು ಕೊಟ್ಟ, ಆದರೆ ತಾನೂ ಒಳಗೆ ಬಂದು ನಿಂತ. ಮೆಹನಾಜಳನ್ನೂ ಕರೆಸಿದೆ. ನಿಜಲಿಂಗಪ್ಪ ಅಜ್ಜಾರು ಕುರ್ಚಿಯನ್ನು ಹೊಸ್ತಿಲಿಗೆ ಎಳೆಸಿಕೊಂಡರು.

ನಂದೀಶನ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಖ ಗಂಟು ಹಾಕಿಕೊಂಡಿರುತ್ತಾನೆ, ಎಲ್ಲಕ್ಕೂ ಕಾಗದ ಕೇಳುತ್ತಾನೆ, ಆದರೆ ಕೆಟ್ಟವನಲ್ಲ. ನಲವತ್ತು ಮಗ್ಗದವರು ಈ ಅಂಚನ್ನು ನಂಬಿಕೊಂಡು ಕೂತಿದ್ದರು. ಅವರಿಗೆಲ್ಲ ಉತ್ತರ ಹೇಳಬೇಕಾದವನು ಅವನು. ಅವನ ಜಾಗದಲ್ಲಿ ನಾನಿದ್ದರೂ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಕೋಣೆಯಲ್ಲಿ ಒಂದೇ ದೊಡ್ಡ ಕಂಪ್ಯೂಟರ್. ಅದರಲ್ಲಿ ಎರಡು ಡಿಸ್ಕ್. ಹಳೆಯದು ಡಿ. ಹೋದ ವರ್ಷ ಜಾಗ ಸಾಲದೆ ಕೂಡಿಸಿದ್ದು ಇ. ಡಿ ಡಿಸ್ಕಿನಲ್ಲಿ ‘ನಕ್ಷೆ ಕೋಣೆ’ ಎಂಬ ಫೋಲ್ಡರ್. ಅದನ್ನು ತೆರೆಯುವ ಅನುಮತಿ ಇದ್ದದ್ದು ಮೆಹನಾಜ ಮತ್ತು ನಂದೀಶ ಇಬ್ಬರಿಗೆ ಮಾತ್ರ. ಅದೇ ಡಿ ಡಿಸ್ಕಿನಲ್ಲಿ ‘ಮಗ್ಗದ ಮನೆ’ ಎಂಬ ಇನ್ನೊಂದು ಫೋಲ್ಡರ್. ಪಡಸಾಲೆಯ ಕಂಪ್ಯೂಟರಿನಲ್ಲಿ ಕೂತು ಯಾವ ಮೇಲ್ವಿಚಾರಕನೂ ಅದನ್ನು ನೋಡಬಹುದು. ಇ ಡಿಸ್ಕಿನ ಊರೂರಿನ ಫೋಲ್ಡರುಗಳೂ ಹಾಗೆಯೇ, ಎಲ್ಲರಿಗೂ ತೆರೆದವು.

ಹೊನ್ನೇಶ ಹೇಳಿದ ಸೋಮವಾರದ ಹಿಂದಿನ ಶುಕ್ರವಾರ ಏನು ಮಾಡಿದೆ ಎಂದು ಮೆಹನಾಜಳನ್ನು ಮತ್ತೆ ಕೇಳಿದೆ. ಅವಳು ಅದನ್ನು ಎಂದೂ ಮುಚ್ಚಿಟ್ಟವಳಲ್ಲ. ಮರುವಾರ ಮಗ್ಗಕ್ಕೆ ಏರಿಸುವುದಿದೆ ಎಂದು ತಿಳಿದು ನಕ್ಷೆಯನ್ನು ಬೀಗದ ಫೋಲ್ಡರಿನಿಂದ ಮಗ್ಗದ ಮನೆಗೆ ಹಾಕಿದೆ, ನೋಂದಣಿಯ ಕಾಗದ ಬರುವವರೆಗೆ ಕಾಯಬೇಕಿತ್ತು, ಕಾಯಲಿಲ್ಲ, ತಪ್ಪಾಯಿತು ಎಂದಳು. ಹದಿನೈದು ದಿನದಿಂದ ಇದೇ ತಪ್ಪನ್ನು ಹೇಳಿ ಹೇಳಿ ಅವಳ ದನಿ ಸವೆದಿತ್ತು.

“ನಕಲು ಮಾಡಿ ಹಾಕಿದೆಯೋ, ಕತ್ತರಿಸಿ ಹಾಕಿದೆಯೋ?”

ಈ ಪ್ರಶ್ನೆಗೆ ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ನಂದೀಶನೂ ನೋಡಿದ. ಉತ್ತರ ಹೊಸ್ತಿಲಿನಿಂದ ಬಂತು.

“ಇಲ್ಲಿ ಯಾರೂ ನಕಲು ಮಾಡಂಗಿಲ್ಲ ತಂಗಿ. ಒಂದ ನಕ್ಷಿ, ಒಂದ ಜಾಗ.”

ಇದು ನಿಜಲಿಂಗಪ್ಪನವರು ಹಾಕಿದ ಪದ್ಧತಿ. ಚೌಕುಳಿ ಕಾಗದದ ಮೇಲೆ ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಅಂಚಿನ ನಕ್ಷೆ ಒಂದೇ ಹಾಳೆ ಇರುತ್ತಿತ್ತು. ಮಗ್ಗಕ್ಕೆ ಹೋಗುವುದಾದರೆ ಅದೇ ಹಾಳೆ ಹೋಗಬೇಕು, ಕೆಲಸ ಮುಗಿದ ಮೇಲೆ ಅದೇ ಹಾಳೆ ಪೆಟ್ಟಿಗೆಗೆ ಮರಳಬೇಕು. ಎರಡನೆಯ ಹಾಳೆ ಬರೆದವನನ್ನು ಅವರು ಸಂಘದ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ತಾವೂ ಅದನ್ನು ಕಲಿತರು, ಹಟ ಮಾತ್ರ ಬಿಡಲಿಲ್ಲ. ಇಲ್ಲಿ ಫೈಲನ್ನು ಕತ್ತರಿಸಿಯೇ ಅಂಟಿಸಬೇಕು. ಒಂದು ಫೈಲು ಇದ್ದ ಜಾಗದಲ್ಲಿ ಕಾಣದಿದ್ದರೆ ಇಲ್ಲಿ ಯಾರೂ ಗಾಬರಿಯಾಗುವುದಿಲ್ಲ, ಯಾರೋ ಒಯ್ದಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಬೇರೆ ಯಾವುದೇ ಕಚೇರಿಯಲ್ಲಿ ನಾನು ಈ ಪದ್ಧತಿ ಕಂಡಿದ್ದರೆ ನಕ್ಕುಬಿಡುತ್ತಿದ್ದೆ. ಈವತ್ತು ಮುದುಕನ ಹಟಕ್ಕೆ ಕೈ ಮುಗಿಯುವ ಹಾಗಾಯಿತು.

ನಂದೀಶನನ್ನು ಅವನದೇ ಹೆಸರಿನಲ್ಲಿ ಕಂಪ್ಯೂಟರಿಗೆ ಕೂಡಿಸಿದೆ. ಬೀಗದ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲು ಮಾಡಿಸಿದೆ. ಒಳಗೆ ಏನಾದರೂ ಬರೆ ಎಂದರೆ ‘ಸಭೆ ಐದಕ್ಕೆ’ ಎಂದು ಬರೆದ. ಅದನ್ನು ಕತ್ತರಿಸಿ ಮಗ್ಗದ ಮನೆಗೆ ಅಂಟಿಸು ಎಂದೆ. ಆಮೇಲೆ ಪಡಸಾಲೆಗೆ ಹೋಗಿ, ಮೇಲ್ವಿಚಾರಕರ ಕಂಪ್ಯೂಟರಿನಲ್ಲಿ ತೆರೆದು ನೋಡಿ ಬಾ ಎಂದೆ.

ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಹಣೆಯ ಗಂಟು ಸ್ವಲ್ಪ ಸಡಿಲಾಗಿತ್ತು.

“ಹೆಸರ ಕಾಣತೈತಿ. ತಗಿಯಾಕ ಬಿಡವಲ್ದು.”

“ಈಗ ಅದನ್ನ ಇ ಡಿಸ್ಕಿನ್ಯಾಗ ಶಿರಹಟ್ಟಿ ಬಿಟ್ಟು ಬ್ಯಾರೆ ಊರಿನ ಫೋಲ್ಡರಿಗೆ ಹಾಕು. ಕತ್ತರಿಸೇ ಹಾಕು. ಮತ್ತ ಹೋಗಿ ನೋಡು.”

ಮತ್ತೆ ಹೋದ. ಈ ಸಲ ಬೇಗ ಬಂದ, ಬಂದವನೇ ಸ್ಟೂಲಿನ ಮೇಲೆ ಕೂತ.

“ತಗೀತು,” ಎಂದ. “ಯಾಕ?”

ಯಾಕೆ ಎಂದು ಕೇಳುವವರನ್ನು ಕಂಡರೆ ನನಗೆ ಈಗಲೂ ಪ್ರೀತಿ. ಲ್ಯಾಬಿನಲ್ಲಿ ಮೂವತ್ತು ವರ್ಷದಲ್ಲಿ ಹಾಗೆ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

“ಮನ್ಯಾಗ ಕೀಲಿ ಹಾಕಿದ ಟ್ರಂಕ ಐತಿ ಅಂತ ತಿಳಿ,” ಎಂದೆ. “ಅದನ್ನ ಒಳಗಿನ ಕ್ವಾಣಿಯಿಂದ ಪಡಸಾಲಿಗೆ ಸರಿಸಿದ್ರ ಕೀಲಿ ತಗೀತದೇನು? ಇಲ್ಲ. ಟ್ರಂಕ ಅದ, ಕೀಲಿ ಅದ, ಜಾಗ ಅಷ್ಟ ಬ್ಯಾರೆ. ಒಂದ ಡಿಸ್ಕಿನೊಳಗ ಸರಿಸಿದ್ರ ಹಂಗ. ಆದರ ಬ್ಯಾರೆ ಡಿಸ್ಕ್ ಅಂದ್ರ ಬ್ಯಾರೆ ಮನಿ. ಅಲ್ಲಿಗೆ ಕಂಪ್ಯೂಟರ್ ಟ್ರಂಕ ಒಯ್ಯೂದಿಲ್ಲ. ಆ ಮನ್ಯಾಗ ಹೊಸಾ ಟ್ರಂಕ ಮಾಡಿ, ಒಳಗಿನ ಅರಿವಿ-ಬಟ್ಟಿ ಹಂಗ ನಕಲು ಇಟ್ಟು, ಇಲ್ಲಿಂದನ್ನ ಅಳಿಸಿ ಹಾಕತೈತಿ. ಹೊಸಾ ಟ್ರಂಕಿಗೆ ಆ ಮನಿ ಕೀಲಿ. ಆ ಮನಿ ಎಲ್ಲಾರಿಗೂ ತಗದಿತ್ತು, ಅದಕ್ಕ ಫೈಲೂ ತಗೀತು.”

ನಂದೀಶ ತಲೆಯಾಡಿಸಿದ. ಅವಳು ಅವತ್ತು ನಕಲು ಮಾಡಿ ಹಾಕಿದ್ದರೆ ಏನಾಗುತ್ತಿತ್ತು ಎಂದು ಕೇಳಿದ. ನಕಲು ಎಂದರೆ ಯಾವಾಗಲೂ ಹೊಸ ಟ್ರಂಕೇ, ಇಟ್ಟ ಜಾಗದ ಕೀಲಿಯೇ ಬರುತ್ತಿತ್ತು, ಸೋಮವಾರವೇ ಹೊನ್ನೇಶನಿಗೆ ತೆರೆಯುತ್ತಿತ್ತು ಎಂದೆ. ತೆರೆಯಲಿಲ್ಲ ಎಂದರೆ ಅವಳು ಕತ್ತರಿಸಿಯೇ ಹಾಕಿದ್ದಳು. ಶುಕ್ರವಾರ, ಶನಿವಾರ, ರವಿವಾರ, ಸೋಮವಾರ ಆ ನಕ್ಷೆ ಎಲ್ಲರ ಕಣ್ಣೆದುರು ಬಿದ್ದುಕೊಂಡಿತ್ತು, ಒಬ್ಬರ ಕೈಗೂ ಸಿಕ್ಕಿರಲಿಲ್ಲ.

“ಹಂಗಂದ್ರ ಅಕಿಯಿಂದ ಹೊರಗ ಹೋಗಿಲ್ಲ,” ಎಂದ ನಂದೀಶ.

ಇಷ್ಟು ಹೇಳಲು ಅವನಿಗೆ ಕಷ್ಟವಾಯಿತು, ಆದರೂ ಹೇಳಿದ. ಮೆಹನಾಜ ಗೋಡೆಗೆ ಒರಗಿ ನಿಂತಿದ್ದವಳು ಅಲ್ಲೇ ಕೂತುಬಿಟ್ಟಳು. ಅಳಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ, ನನ್ನಿಂದ ಅಲ್ಲ, ನನ್ನಿಂದ ಅಲ್ಲ ಎಂದು ಎರಡು ಸಲ ತನಗೇ ಹೇಳಿಕೊಂಡಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಕಾಗದದಲ್ಲಿ ಸುತ್ತಿಟ್ಟ ಮಿರ್ಚಿ ನೆನಪಾಗಿ ಹಸಿವೆಯಾಯಿತು. ಪತ್ತೇದಾರರಿಗೆ ಅಂಥ ಹೊತ್ತಿನಲ್ಲಿ ಹಸಿವೆಯಾಗಬಾರದು.

ನಂದೀಶ ಸ್ಟೂಲಿನಿಂದ ಏಳಲಿಲ್ಲ.

“ಆದರ ಇ ಡಿಸ್ಕಿಗೆ ಒಯ್ಯಬೇಕಂದ್ರ ಮೊದಲ ಅದನ್ನ ತಗಿಯಾಕ ಬರಬೇಕಲ್ರಿ? ಅನುಮತಿ ಇದ್ದದ್ದು ಇಬ್ಬರಿಗೆ. ಅಕಿ ಅಲ್ಲ ಅಂದ್ರ ನಾನು.”

ಹೇಳುವಾಗ ಅವನ ದನಿ ಏರಲಿಲ್ಲ. ತನ್ನ ಕೊರಳಿಗೆ ತಾನೇ ಅಳತೆ ಹಿಡಿದು ತೋರಿಸಿದ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು. ಅದಕ್ಕೂ ಒಂದು ದಾರಿ ಇದೆ ಎಂದೆ. ಹೊಸ ಟ್ರಂಕನ್ನು ಯಾರು ಮಾಡಿದರೋ ಅವರ ಹೆಸರು ಮಾಲೀಕರೆಂದು ಅದರ ಮೇಲೆ ಬಿದ್ದಿರುತ್ತದೆ. ಅಳಿಸಿದರೂ ಸುಲಭಕ್ಕೆ ಹೋಗುವುದಿಲ್ಲ. ನೋಡಿಯೇ ಬಿಡೋಣ.

ಇ ಡಿಸ್ಕಿನ ಶಿರಹಟ್ಟಿ ಫೋಲ್ಡರ್ ತೆರೆದೆ. ಕಪ್ಪತ ಅಂಚು ಅಲ್ಲೇ ಇತ್ತು. ಅದರ ಮೇಲೆ ಒತ್ತಿ, ಒಳಗೊಳಗಿನ ಎರಡು ಕಿಟಕಿ ದಾಟಿ, ಮಾಲೀಕರ ಹೆಸರಿದ್ದ ಸಾಲಿಗೆ ಹೋದೆ.

ಮೆಹನಾಜ ಎಂದಿತ್ತು.

ಕನ್ನಡಕ ಒರೆಸಿ ಮತ್ತೆ ನೋಡಿದೆ. ಅದೇ ಇತ್ತು. ಅವಳನ್ನು ಉಳಿಸಲು ನಾನು ಈಗಷ್ಟೇ ಒಂದೊಂದೇ ಮೆಟ್ಟಿಲು ಕಟ್ಟಿದ್ದೆ, ಅದೇ ಮೆಟ್ಟಿಲು ಹತ್ತಿಕೊಂಡು ಬಂದು ಅವಳ ಹೆಸರು ಮೇಲೆ ನಿಂತಿತ್ತು.

ನಂದೀಶನೇ ಮೊದಲು ಮಾತಾಡಿದ. ನಕ್ಷೆ ಬರೆದವಳೇ ಅವಳಲ್ಲವೇ, ಮೊದಲಿನಿಂದ ಅವಳ ಹೆಸರೇ ಇದ್ದಿರಬೇಕು ಎಂದ. ಅವನು ಅವಳಿಗೆ ಒಂದು ಬಾಗಿಲು ತೆರೆದುಕೊಡುತ್ತಿದ್ದ. ಅದನ್ನು ಮುಚ್ಚಬೇಕಾದವಳು ನಾನಾದೆ. ಹಳೆಯ ಟ್ರಂಕಿನ ಮೇಲಿದ್ದ ಹೆಸರು ಹಳೆಯ ಟ್ರಂಕಿನ ಜೊತೆ ಹೋಯಿತು, ಇದು ಹೊಸದನ್ನು ಮಾಡಿದವರ ಹೆಸರು, ಅಂದರೆ ಇ ಡಿಸ್ಕಿಗೆ ಒಯ್ದದ್ದು ಮೆಹನಾಜಳ ಲಾಗಿನ್ನಿನಿಂದಲೇ ಎಂದೆ. ಸುಳ್ಳು ಹೇಳಬಹುದಿತ್ತು. ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ಸುಳ್ಳು ಸೇರಿಸಿದರೆ ಸೋಮವಾರದ ಸತ್ಯಕ್ಕೂ ಬೆಲೆ ಉಳಿಯುತ್ತಿರಲಿಲ್ಲ.

ಆಗ ಇನ್ನೊಂದು ಕಡೆ ಕಣ್ಣು ಹಾಯಿಸಿದೆ. ಫೋಲ್ಡರಿನೊಳಗಿಂದ ಏನಾದರೂ ಹೊರಗೆ ಹೋದರೆ, ಒಳಗೆ ಬಂದರೆ, ಆ ಫೋಲ್ಡರಿನ ಮೇಲೆಯೇ ಆ ದಿನ, ಆ ಹೊತ್ತು ಬೀಳುತ್ತದೆ. ಈ ಗಲಾಟೆಯಲ್ಲಿ ಶಿರಹಟ್ಟಿ ಫೋಲ್ಡರಿಗೆ ಆಮೇಲೆ ಯಾರೂ ಏನೂ ಹಾಕಿರಲಿಲ್ಲ. ಅದರ ಮೇಲಿದ್ದದ್ದು ಮಂಗಳವಾರ, ಮಧ್ಯಾಹ್ನ ಮೂರು ನಲವತ್ತು.

ಮಂಗಳವಾರ ಮೆಹನಾಜ ಬೆಟಗೇರಿಯಲ್ಲಿ ಇರಲೇ ಇಲ್ಲ. ಅಜ್ಜಿ ಫಕೀರಬಿಯ ಕಣ್ಣು ತೋರಿಸಲು ಸೋಮವಾರದಿಂದ ಬುಧವಾರದವರೆಗೆ ರಜೆ ಬರೆದುಕೊಟ್ಟು ಲಕ್ಷ್ಮೇಶ್ವರಕ್ಕೆ ಹೋಗಿದ್ದಳು. ನಾನು ಅವಳ ಮಾತನ್ನಷ್ಟೇ ನಂಬಿರಲಿಲ್ಲ. ನಿನ್ನೆ ಲಕ್ಷ್ಮೇಶ್ವರಕ್ಕೆ ಹೋಗಿ, ಕಣ್ಣಿನ ವೈದ್ಯರ ಚೀಟಿ ನೋಡಿ, ಮಂಗಳವಾರ ಮೂರರಿಂದ ಐದರವರೆಗೆ ಮೊಮ್ಮಗಳು ಅಜ್ಜಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದಳು ಎಂದು ಅಲ್ಲಿಯ ದಾದಿಯಿಂದ ಕೇಳಿಕೊಂಡು ಬಂದಿದ್ದೆ.

“ಹಂಗಾದ್ರ ನಿನ್ನ ಹೆಸರಿನ್ಯಾಗ ಯಾರೋ ಕುಂತಿದ್ರು,” ಎಂದೆ. “ಪಾಸ್‌ವರ್ಡ್ ಯಾರಿಗರ ಕೊಟ್ಟಿದ್ದೇನು?”

ಅವಳು ಮಂಗಳವಾರದ ಆ ಹೊತ್ತನ್ನೇ ನೋಡುತ್ತಿದ್ದಳು. ಮುಖದ ಮೇಲೆ ಸ್ವಲ್ಪ ಮೊದಲು ಬಂದಿದ್ದ ಬೆಳಕು ಹೋಗಿತ್ತು, ಆದರೆ ಗಾಬರಿಯೂ ಇರಲಿಲ್ಲ. ಏನೋ ಒಂದು ಅರ್ಥವಾದವರ ಮುಖ ಅದು.

“ಕೊಟ್ಟೀನ್ರಿ,” ಎಂದಳು. “ಅವತ್ತ ಮಧ್ಯಾಹ್ನ, ಫೋನಿನ್ಯಾಗ.”

“ಯಾರಿಗೆ?”

“ಅದೊಂದ ಕೇಳಬ್ಯಾಡ್ರಿ ಅಕ್ಕಾರ.”

ನಾನು ಬಿಡಲಿಲ್ಲ. ಐದು ಗಂಟೆಗೆ ಏನಾಗುತ್ತದೆಂದು ಗೊತ್ತಿದೆಯೇ ಎಂದೆ. ಗೊತ್ತಿದೆ ಎಂದಳು. ಒಂದು ಹೆಸರು ಹೇಳಿದರೆ ನಿನ್ನ ಹೆಸರು ಉಳಿಯುತ್ತದೆ, ಸಂಘದಲ್ಲಿ ಎಂಟು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಉಳಿಯುತ್ತದೆ, ಫೋನ್ ಮಾಡಿದವರು ಕೆಟ್ಟ ಮನಸ್ಸಿನಿಂದಲೇ ಕೇಳಿದ್ದರು ಎಂದೂ ಇಲ್ಲ, ಫೈಲು ತೆರೆಯಲಿಲ್ಲವೆಂದು ಹೊನ್ನೇಶ ಬೈದದ್ದನ್ನು ಕೇಳಿ ಸಹಾಯಕ್ಕೆಂದೇ ಒಯ್ದು ಇಟ್ಟಿರಬಹುದು ಎಂದು ನನಗೆ ತಿಳಿದ ಹಾಗೆ ತಿಳಿಹೇಳಿದೆ. ಅವಳು ಎಲ್ಲಕ್ಕೂ ಹೌದು ಎನ್ನುವಂತೆ ತಲೆಯಾಡಿಸಿದಳು.

“ನನ್ನ ತಗದ ಹಾಕ್ರಿ,” ಎಂದಳು ಕೊನೆಗೆ, ನಂದೀಶನ ಕಡೆ ತಿರುಗಿ. “ಪಾಸ್‌ವರ್ಡ್ ಕೊಟ್ಟಾಕಿ ನಾನು. ತಪ್ಪ ನಂದ.”

ಹದಿನೈದು ದಿನದಿಂದ ಅವಳನ್ನು ಹೊರಗೆ ಹಾಕಲೇಬೇಕೆಂದು ಕಾಗದದ ಮೇಲೆ ಕಾಗದ ಬರೆದಿದ್ದ ನಂದೀಶ ಈಗ ಕುದಿಯತೊಡಗಿದ. ಹೀಗೆ ಆಗುವುದಿಲ್ಲ, ಸಭೆಯನ್ನು ಒಂದು ವಾರ ಮುಂದೆ ಹಾಕೋಣ, ಮಂಗಳವಾರ ಇಲ್ಲಿ ಯಾರ‍್ಯಾರು ಇದ್ದರೆಂದು ಹಾಜರಿ ಪುಸ್ತಕ ನೋಡೋಣ, ಆ ಫೋನು ಯಾರದೆಂದು ತಿಳಿಯದೆ ನಾನು ಯಾರ ಮೇಲೂ ಗೆರೆ ಎಳೆಯುವುದಿಲ್ಲ ಎಂದ. ನಾನು ಸರಿ ಎಂದೆ. ಹಾಜರಿ ಪುಸ್ತಕ ಎಲ್ಲಿದೆ ಎಂದು ಕೇಳಲು ಹೊಸ್ತಿಲ ಕಡೆ ತಿರುಗಿದೆ.

ನಿಜಲಿಂಗಪ್ಪನವರು ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು.

“ಹಾಜರಿ ಪುಸ್ತಕ ಏನೂ ಬ್ಯಾಡ,” ಎಂದರು. ದನಿ ಎಂದಿನಂತೆ ಮೆತ್ತಗಿತ್ತು. “ತಪ್ಪ ನಂದು ಅಂತ ಹುಡುಗಿ ತಾನ ಒಪ್ಪೇತಲ್ಲ. ಐದರ ತನಕಾ ಯಾಕ ಕಾಯೂದು? ಬಂದವರು ಬಂದಾರ. ಈಗ ಸಭಾ ಕರೀರಿ.”

ನಂದೀಶ ಅಧ್ಯಕ್ಷರ ಮುಖ ನೋಡಿದ. ನಾನೂ ನೋಡಿದೆ. ಅವರು ನಮ್ಮಿಬ್ಬರನ್ನೂ ನೋಡಲಿಲ್ಲ. ಹೊನ್ನೇಶನ ಬೈಗುಳ ಕೇಳಿಸಿಕೊಂಡ ‘ಯಾವಾಗಲೂ ಇರುವವರ’ ಕುರ್ಚಿ ಯಾವುದು, ಮಂಗಳವಾರದ ಫೋನು ಯಾರಿಂದ ಹೋಗಿತ್ತು ಎಂದು ನನಗೆ ಆಗ ಹೊಳೆಯಿತು.

ಮೆಹನಾಜ ಎದ್ದಳು. ಮೂಲೆಯಲ್ಲಿ ಸುತ್ತಿಟ್ಟಿದ್ದ ಜಮಖಾನೆಯನ್ನು ಎರಡೂ ಕೈಯಿಂದ ಎತ್ತಿಕೊಂಡು, ಅಜ್ಜಾರ ಪಕ್ಕದಿಂದ ಹೊಸ್ತಿಲು ದಾಟಿ, ಪಡಸಾಲೆಯಲ್ಲಿ ಸಭೆಗೆ ಹಾಸತೊಡಗಿದಳು.